ಸುಳಿವು ಸತ್ತ ಮೇಲೆ

ನಮ್ಮ ಅಜ್ಜಿಗೆ ಹಿಂದಿ ಬರುತ್ತಿರಲಿಲ್ಲ. ಆದರೂ ‘ಸಿಐಡಿ’ ಇರುವ ರಾತ್ರಿ ಮನೆಯಲ್ಲಿ ಊಟ ಬೇಗ ಮುಗಿಯಬೇಕಿತ್ತು. ಎಲೆಯಡಿಕೆ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಟಿವಿಗೆ ತೀರಾ ಹತ್ತಿರ ಕೂತು, ಮಾತು ತಿಳಿಯದಿದ್ದರೂ ಒಬ್ಬೊಬ್ಬರ ಮುಖವನ್ನೂ ಓದುತ್ತಿದ್ದರು. ಹಿಂದಿ ಧಾರಾವಾಹಿಗಳನ್ನು ಕನ್ನಡಕ್ಕೆ ಡಬ್ ಮಾಡದ ಕಾಲ ಅದು. ಪಕ್ಕದಲ್ಲಿ ಕೂತು ಸಣ್ಣ ದನಿಯಲ್ಲಿ ಅರ್ಥ ಹೇಳುವ ಕೆಲಸ ನನ್ನದು. ಆಗಿನ ಕಂತುಗಳಲ್ಲಿ ಒಂದು ಕೇಸು ಒಂದೇ ರಾತ್ರಿಗೆ ಮುಗಿಯುತ್ತಿರಲಿಲ್ಲ, ನಡುದಾರಿಯಲ್ಲಿ ನಿಂತು ಮುಂದಿನ ವಾರಕ್ಕೆ ಹೋಗುತ್ತಿತ್ತು. ಟಿವಿ ಆರಿಸಿದ ಮೇಲೆ ಅಜ್ಜಿ, “ಅಲ್ಲ ಮಾರಾಯ, ಆ ಅಡುಗೆಯವನು ಸುಳ್ಳು ಹೇಳಿದ್ದು ಯಾಕಂತೆ?” ಎಂದು ಕೇಳುತ್ತಿದ್ದರು. ಕೊಂದವರು ಯಾರು ಎಂಬುದಕ್ಕಿಂತ ಅವರಿಗೆ ಆ ಸುಳ್ಳೇ ಹೆಚ್ಚು ಕಾಡುತ್ತಿತ್ತು. ವಾರವಿಡೀ ಅದು ಅಡುಗೆಮನೆಯಲ್ಲಿ, ಅಂಗಳದಲ್ಲಿ ಅಡಿಕೆ ಸುಲಿಯುವವರ ನಡುವೆ, ಎಲ್ಲೆಂದರಲ್ಲಿ ಚರ್ಚೆಯಾಗುತ್ತಿತ್ತು. ಓದುಬರಹ ಅಷ್ಟಕ್ಕಷ್ಟೇ ಇದ್ದ ಒಬ್ಬ ಮುದುಕಿಯನ್ನು ಒಂದು ವಾರ ಯೋಚನೆಗೆ ಹಚ್ಚುವ ಶಕ್ತಿ ಆ ಧಾರಾವಾಹಿಗೆ ಇತ್ತು. ಅದು ಹೇಗೆ ಕಳೆದುಹೋಯಿತು ಎಂಬುದನ್ನು ಇಲ್ಲಿ ನೋಡಬೇಕೆಂದಿದ್ದೇನೆ.

1998ರ ಜನವರಿ 21ರಂದು ಸೋನಿ ವಾಹಿನಿಯಲ್ಲಿ ಶುರುವಾದ ‘ಸಿಐಡಿ’ 2018ರ ಅಕ್ಟೋಬರ್ 27ರವರೆಗೆ 1,547 ಕಂತು ನಡೆಯಿತು. ಆರು ವರ್ಷ ಬಿಟ್ಟು 2024ರ ಡಿಸೆಂಬರ್‌ನಲ್ಲಿ ಮತ್ತೆ ಬಂತು. ಅದರ ಇಳಿಗಾಲಕ್ಕೆ ಜನ ಕೊಡುವ ಕಾರಣಗಳು ನಮಗೆಲ್ಲ ಗೊತ್ತು: ನಟರಿಗೆ ವಯಸ್ಸಾಯಿತು, ಮೊಬೈಲಿಗೇ ವೆಬ್ ಸರಣಿಗಳು ಬಂದವು, ಎಲ್ಲದಕ್ಕೂ ಒಂದು ಆಯಸ್ಸು ಅಂತ ಇರುತ್ತದೆ. ಈ ಮೂರನ್ನೂ ಒಪ್ಪಲು ನನಗೆ ಮನಸ್ಸಿಲ್ಲ. ಪತ್ತೆ ಕೆಲಸದಲ್ಲಿ ವಯಸ್ಸೆಂದರೆ ಅನುಭವ, ತಲೆ ನರೆತಷ್ಟೂ ಅಧಿಕಾರಿಯ ಮಾತಿಗೆ ತೂಕ. ವೆಬ್ ಸರಣಿಗಳು ಬರುವ ಎಷ್ಟೋ ಮೊದಲೇ ಈ ಧಾರಾವಾಹಿ ಒಳಗಿನಿಂದ ಟೊಳ್ಳಾಗಿತ್ತು. ಆಯಸ್ಸಿನ ಮಾತಂತೂ ಕಾರಣ ಹುಡುಕುವ ಶ್ರಮ ತಪ್ಪಿಸಿಕೊಳ್ಳಲು ಹೇಳುವ ಮಾತು. ‘ಸಿಐಡಿ’ಯಲ್ಲಿ ಮೊದಲು ಸತ್ತದ್ದು ಸುಳಿವು. ಸುಳಿವು ಇದ್ದ ಜಾಗಕ್ಕೆ ಭಂಗಿ ಬಂದು ಕೂತಿತು. ಮಿಕ್ಕ ಎಲ್ಲ ಹಾನಿಯೂ ಅದರ ಹಿಂದೆಯೇ ಬಂದದ್ದು ಎಂಬುದು ನನ್ನ ಅನಿಸಿಕೆ.

‘ಸಿಐಡಿ’ಯನ್ನು ಹುಟ್ಟಿಸಿದ ಬಿ.ಪಿ. ಸಿಂಗ್ ಮುಂಬೈ ದೂರದರ್ಶನದಲ್ಲಿ ಸುದ್ದಿ ವಿಭಾಗದ ಕ್ಯಾಮೆರಾಮನ್ ಆಗಿದ್ದವರು. ಮೊದಲು ಮರಾಠಿಯಲ್ಲಿ ‘ಏಕ್ ಶೂನ್ಯ ಶೂನ್ಯ’ ಎಂಬ ಪೊಲೀಸ್ ಧಾರಾವಾಹಿ ಮಾಡಿದ್ದರು, ಆ ಹೆಸರು ಪೊಲೀಸರ 100 ನಂಬರಿನದು. ಅದರಲ್ಲಿ ನಟಿಸಿದ್ದ ಶಿವಾಜಿ ಸಾಟಮ್ ‘ಸಿಐಡಿ’ಯ ಎಸಿಪಿ ಪ್ರದ್ಯುಮನ್ ಆದರು. ನಟನೆಗೆ ಬರುವ ಮೊದಲು ಸಾಟಮ್ ಬ್ಯಾಂಕ್ ಉದ್ಯೋಗಿ. ಇನ್‌ಸ್ಪೆಕ್ಟರ್ ಅಭಿಜಿತ್ ಆದ ಆದಿತ್ಯ ಶ್ರೀವಾಸ್ತವ ರಂಗಭೂಮಿಯಿಂದ ಬಂದವರು. ಇನ್‌ಸ್ಪೆಕ್ಟರ್ ದಯಾ ನಮ್ಮವರೇ: ದಯಾನಂದ ಶೆಟ್ಟಿ ಉಡುಪಿ ಬಳಿಯ ಕಟಪಾಡಿ ಕಡೆಯವರು, ತುಳು ಮನೆಮಾತಿನವರು, ಗುಂಡೆಸೆತ, ಚಕ್ರ ಎಸೆತದ ಕ್ರೀಡಾಪಟು. ಈ ತಂಡದಲ್ಲಿ ಸಿನಿಮಾ ನಾಯಕನ ಠೀವಿ ಯಾರಿಗೂ ಇರಲಿಲ್ಲ. ಬೆಳಗ್ಗೆ ಬಸ್‌ಸ್ಟಾಪಿನಲ್ಲಿ ಕಾಣುವಂಥ ಮುಖಗಳು. ಮೊದಲ ವರ್ಷಗಳ ಕಂತುಗಳನ್ನು ಈಗ ತಿರುಗಿ ನೋಡಿದರೂ ಸುದ್ದಿ ಕ್ಯಾಮೆರಾದವರ ಕಣ್ಣು ಎದ್ದು ಕಾಣುತ್ತದೆ. ಕೋಣೆಯೊಳಗೆ ಕ್ಯಾಮೆರಾ ನಡೆಯುತ್ತದೆ, ಮೇಜಿನ ಮೇಲಿನ ಲೋಟವನ್ನು, ಅರ್ಧ ತೆರೆದ ಕಿಟಕಿಯನ್ನು ನೋಡುತ್ತದೆ. ಎಸಿಪಿ ಗಾಳಿಯಲ್ಲಿ ಬೆರಳು ತಿರುಗಿಸುತ್ತ ಯೋಚಿಸುವುದೂ ಆಗ ನಿಜವಾದ ಯೋಚನೆಯೇ ಆಗಿತ್ತು. ಏನೋ ಹೊಂದುತ್ತಿಲ್ಲ ಎಂದು ಅವರಿಗೆ ಅನಿಸಿದಾಗ ನಮಗೂ ಅನಿಸುತ್ತಿತ್ತು, ಏಕೆಂದರೆ ಹೊಂದದ ವಸ್ತುವನ್ನು ನಮಗೂ ತೋರಿಸಿರುತ್ತಿದ್ದರು. ನೋಡುಗನನ್ನು ತನಿಖೆಯಲ್ಲಿ ಪಾಲುದಾರನನ್ನಾಗಿ ಮಾಡುವ ಪ್ರಾಮಾಣಿಕತೆ ಅಲ್ಲಿತ್ತು.

2004ರ ನವೆಂಬರ್‌ನಲ್ಲಿ ಇದೇ ತಂಡ 111 ನಿಮಿಷಗಳ ಒಂದು ಕಂತನ್ನು ಎಲ್ಲೂ ಕತ್ತರಿಸದೆ ಒಂದೇ ಓಟದಲ್ಲಿ ಚಿತ್ರೀಕರಿಸಿ ತೋರಿಸಿತು. ಲೋನಾವಳದಲ್ಲಿ ಚಿತ್ರೀಕರಣ. ಅದು ಗಿನ್ನೆಸ್ ದಾಖಲೆ ಪುಸ್ತಕಕ್ಕೂ ಸೇರಿತು. ದಾಖಲೆ ಹಾಗಿರಲಿ, 111 ನಿಮಿಷದಲ್ಲಿ ಒಬ್ಬ ನಟ ಮಾತು ಮರೆತರೂ ಎಲ್ಲವನ್ನೂ ಮತ್ತೆ ಮೊದಲಿನಿಂದ ಮಾಡಬೇಕು. ಅಂಥ ಅಪಾಯವನ್ನು ಟಿವಿ ಧಾರಾವಾಹಿಯವರು ತಾವಾಗಿ ಮೈಮೇಲೆ ಎಳೆದುಕೊಳ್ಳುವುದು ತಮ್ಮ ಕಸುಬಿನ ಮೇಲೆ ಹಂಬಲ ಇದ್ದಾಗ ಮಾತ್ರ. ಮುಂದಿನ ವರ್ಷಗಳನ್ನು ಅಳೆಯುವಾಗ ನಾನು ಈ ಕಂತನ್ನೇ ಅಳತೆಗೋಲಾಗಿ ಇಟ್ಟುಕೊಳ್ಳುತ್ತೇನೆ. ಈ ಜನಕ್ಕೆ ಕೆಲಸ ಬರುತ್ತಿರಲಿಲ್ಲ ಎಂದು ಯಾರೂ ಹೇಳುವಂತಿಲ್ಲ.

ಆಮೇಲೆ ನಡೆದದ್ದು ನಿಧಾನವಾಗಿ ನಡೆಯಿತು. ಎರಡು ವಾರ ಹರಿಯುತ್ತಿದ್ದ ಕೇಸು ಒಂದೇ ಕಂತಿಗೆ ಇಳಿಯಿತು. ಶವ ಸಿಕ್ಕ ಐದು ನಿಮಿಷಕ್ಕೆ ಪ್ರಯೋಗಾಲಯ. ತಂಡದ ವಿಧಿವಿಜ್ಞಾನ ತಜ್ಞ ಡಾ. ಸಾಳುಂಖೆ ಗಾಜಿನ ಲೋಟಕ್ಕೆ ಏನೋ ನಾಲ್ಕು ಹನಿ ಬಿಡುತ್ತಾರೆ, ಬಣ್ಣ ಬದಲಾಗುತ್ತದೆ, ವಿಷ ಯಾವುದೆಂದು ತಿಳಿಯುತ್ತದೆ. ನಿಜದಲ್ಲಿ ಮರಣೋತ್ತರ ಪರೀಕ್ಷೆ ಮಾಡುವ ಸರ್ಕಾರಿ ವೈದ್ಯರೇ ಬೇರೆ, ಒಳಾಂಗಗಳ ಮಾದರಿಯನ್ನು ಪರೀಕ್ಷಿಸುವ ವಿಧಿವಿಜ್ಞಾನ ಪ್ರಯೋಗಾಲಯದವರೇ ಬೇರೆ. ಬೆಂಗಳೂರಿನ ಮಡಿವಾಳದ ಪ್ರಯೋಗಾಲಯಕ್ಕೆ ಹೋದ ಮಾದರಿಯ ವರದಿಗೆ ತನಿಖಾಧಿಕಾರಿ ತಿಂಗಳುಗಟ್ಟಲೆ ಕಾಯುವುದುಂಟು. ನಾಟಕದಲ್ಲಿ ಕಾಲವನ್ನು ಕುಗ್ಗಿಸುವುದು ತಪ್ಪಲ್ಲ, ಅದಿಲ್ಲದೆ ಕತೆಯೇ ಸಾಗದು. ಆದರೆ ವಿಜ್ಞಾನ ಉತ್ತರವನ್ನೇ ಕೈಗೆ ಕೊಟ್ಟುಬಿಟ್ಟರೆ ಅಧಿಕಾರಿ ಯೋಚಿಸಬೇಕಾದ್ದು ಏನೂ ಉಳಿಯುವುದಿಲ್ಲ. ಬೆರಳು ತಿರುಗುತ್ತಲೇ ಇತ್ತು. ಅದರ ಹಿಂದಿನ ಯೋಚನೆ ಖಾಲಿಯಾಗಿತ್ತು.

ಇನ್ನು ಬಾಗಿಲು. ‘ದಯಾ, ದರ್ವಾಜಾ ತೋಡ್ ದೋ’ (ದಯಾ, ಬಾಗಿಲು ಒಡೆ) ಎಂಬ ಮಾತು ಹಿಂದಿ ಗೊತ್ತಿಲ್ಲದ ನಮ್ಮೂರ ಹುಡುಗರ ಬಾಯಲ್ಲೂ ಇತ್ತು. ಕಟಪಾಡಿಯ ಆ ಗಟ್ಟಿ ಆಳು ಹೆಗಲು ಕೊಟ್ಟಾಗ ಬಾಗಿಲು ಹಾರುವುದು ನೋಡಲು ಚೆನ್ನಾಗಿಯೇ ಇತ್ತು. ನಾನೂ ಖುಷಿಪಟ್ಟಿದ್ದೇನೆ. ಆದರೆ ಬಾಗಿಲ ಬಗ್ಗೆ ನನಗೆ ಬೇರೆಯೇ ಒಂದು ನೆನಪಿದೆ.

ಕೆಲವು ವರ್ಷಗಳ ಹಿಂದೆ ನಮ್ಮ ಬೀದಿಯ ಒಂದು ಮನೆಯಲ್ಲಿ ಕಳ್ಳತನವಾದಾಗ ಮಹಜರಿಗೆ ಪಂಚನಾಗಿ ನನ್ನನ್ನು ಕರೆದರು. ಬಂದವರು ನಿವೃತ್ತಿಯ ಅಂಚಿನಲ್ಲಿದ್ದ ಒಬ್ಬ ಹೆಡ್ ಕಾನ್‌ಸ್ಟೆಬಲ್ ಮತ್ತು ಒಬ್ಬ ಹುಡುಗ ಪೇದೆ. ಹಿಂಬಾಗಿಲು ಒಡೆದಿತ್ತು. “ಯಾರೂ ಬಾಗಿಲ ಹತ್ತಿರ ಬರಬೇಡಿ ಸರ್” ಎಂದು ನಮ್ಮನ್ನೆಲ್ಲ ಅಂಗಳದಲ್ಲೇ ನಿಲ್ಲಿಸಿ ಅವರು ಹೊಸ್ತಿಲ ಮುಂದೆ ಕುಕ್ಕರಗಾಲಲ್ಲಿ ಕೂತರು. ಟೇಪು ಹಿಡಿದು ಚಿಲಕದ ಎತ್ತರ ಅಳೆದರು. ನೆಲದ ಮೇಲೆ ಬಿದ್ದಿದ್ದ ಮರದ ಸಿಬಿರುಗಳನ್ನು ಮುಟ್ಟದೆ ಬರೀ ನೋಡಿದರು, ಯಾವ ಕಡೆಗೆ ಹೆಚ್ಚು ಬಿದ್ದಿವೆ ಎಂದು. ಟಾರ್ಚನ್ನು ಅಡ್ಡಡ್ಡ ಹಿಡಿದು ಸ್ಕ್ರೂ ತೂತುಗಳ ಅಂಚನ್ನು ನೋಡಿದರು. ನನ್ನನ್ನು ಕರೆದು ತೋರಿಸಿದರು: ಎರಡು ಸ್ಕ್ರೂ ಕಿತ್ತು ಬಂದಿರಲಿಲ್ಲ, ತಿರುಗಿಸಿ ತೆಗೆದವು. ಅದೂ ಒಳಗಿನಿಂದ. ಆಮೇಲೆ ಹಾಳೆಯ ಕೆಳಗೆ ರಟ್ಟು ಇಟ್ಟುಕೊಂಡು, ತಮ್ಮ ದುಂಡು ಅಕ್ಷರದಲ್ಲಿ, ಬಾಗಿಲು ಪೂರ್ವಕ್ಕೆ ಮುಖ ಮಾಡಿದೆ ಎಂಬಲ್ಲಿಂದ ಹಿಡಿದು ಎಲ್ಲವನ್ನೂ ಬರೆದರು. ಎರಡು ಗಂಟೆ ಹಿಡಿಯಿತು. ಮನೆಯವರು ಕೊಟ್ಟ ಚಹಾ ಆರಿಹೋಯಿತು. ನಾನು ಅಷ್ಟು ಕುತೂಹಲದಿಂದ ಯಾವ ಪೊಲೀಸ್ ಸಿನಿಮಾವನ್ನೂ ನೋಡಿಲ್ಲ.

ಆ ದಿನ ನನಗೆ ಹೊಳೆದದ್ದು ಇಷ್ಟು: ಬಾಗಿಲೇ ಒಂದು ಸಾಕ್ಷಿ. ಅದನ್ನು ಒಡೆಯುವ ತನಿಖೆ ತನ್ನ ಮೊದಲ ಸಾಕ್ಷಿಯನ್ನು ತಾನೇ ಕೊಲ್ಲುತ್ತದೆ. ಒಳಗೆ ಪ್ರಾಣ ಹೋಗುತ್ತಿರುವವರು ಇದ್ದರೆ ಒಡೆಯಲೇಬೇಕು, ಸರಿ. ಆದರೆ ‘ಸಿಐಡಿ’ಯ ಕೊನೆಕೊನೆಯ ವರ್ಷಗಳಲ್ಲಿ ಬಾಗಿಲು ಒಡೆಯುವುದು ಅಗತ್ಯಕ್ಕಲ್ಲ, ನಾವು ಕಾಯುತ್ತಿದ್ದೆವು ಎಂಬುದಕ್ಕೆ. ನಮ್ಮ ನಿರೀಕ್ಷೆ ಕತೆಯ ಕೈಹಿಡಿದು ಎಳೆಯಿತು. 2014ರ ‘ಸಿಂಘಂ ರಿಟರ್ನ್ಸ್’ ಸಿನಿಮಾದಲ್ಲಿ ದಯಾ ಎಂಬ ಪಾತ್ರದಲ್ಲಿ ಇದೇ ನಟನಿಂದ ಇದೇ ಕೆಲಸ ಮಾಡಿಸಿದಾಗ ಚಿತ್ರಮಂದಿರದಲ್ಲಿ ಶಿಳ್ಳೆ ಬಿತ್ತು. ಒಬ್ಬ ಒಳ್ಳೆಯ ನಟ ಒಂದು ಹೆಗಲಾಗಿ ಉಳಿದದ್ದಕ್ಕೆ ನನಗೆ ಇಂದಿಗೂ ನೋವಿದೆ.

ಬಾಗಿಲಿಗಿಂತ ದೊಡ್ಡ ಹಾನಿ ಕೆನ್ನೆಯ ಮೇಲಿನ ಏಟಿನದು. ಕಂತಿನ ಕೊನೆಗೆ ಶಂಕಿತನ ಕೆನ್ನೆಗೆ ಒಂದು ಬಿಗಿದರೆ ಅವನು ಎಲ್ಲವನ್ನೂ ಹೇಳುತ್ತಾನೆ, ಯಾಕೆ, ಹೇಗೆ, ಯಾವ ಚಾಕುವಿನಿಂದ ಎಂದು. ಅಲ್ಲಿಗೆ ಕೇಸು ಮುಗಿಯಿತು, ಎಸಿಪಿ ಗಲ್ಲಿನ ಮಾತಾಡಿದರು. ನ್ಯಾಯಾಲಯ ಕಾಣಿಸುವುದೇ ಇಲ್ಲ. ಆದರೆ ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತುಪಡಿಸುವಂತಿಲ್ಲ ಎಂಬುದು 1872ರ ಸಾಕ್ಷ್ಯ ಕಾಯ್ದೆಯ 25ನೇ ಸೆಕ್ಷನ್ನಿನಿಂದ ಬಂದ ನಿಯಮ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಸೆಕ್ಷನ್ನಿನಲ್ಲಿ ಅದು ಹಾಗೆಯೇ ಉಳಿದಿದೆ. ಹೊಡೆದು ಹೇಳಿಸಿದ ಮಾತು ನಿಜವಾಗಿರಬೇಕಿಲ್ಲ ಎಂದು ಒಂದೂವರೆ ಶತಮಾನದ ಹಿಂದೆಯೇ ಅರಿತು ಮಾಡಿದ ಕಟ್ಟು ಅದು. ಅಂಥ ಮಾತಿನಿಂದ ವಸ್ತುವೊಂದು ಪತ್ತೆಯಾದರೆ ಅಷ್ಟು ಭಾಗಕ್ಕೆ ಮಾತ್ರ ಬೆಲೆ. ನಮ್ಮ ರಾಜ್ಯದ ಹೆಸರು ಹೊತ್ತ ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ತೀರ್ಪಿನಲ್ಲಿ, 2010ರಲ್ಲಿ, ಸುಪ್ರೀಂ ಕೋರ್ಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಒಪ್ಪಿಗೆಯಿಲ್ಲದೆ ಯಾರಿಗೂ ಮಂಪರು ಪರೀಕ್ಷೆ ಮಾಡುವಂತಿಲ್ಲ ಎಂದಿತು. ಅಂದರೆ ಏಟಿನಿಂದಾಗಲಿ ಸೂಜಿಯಿಂದಾಗಲಿ ಬಾಯಿ ಬಿಡಿಸುವುದು ತನಿಖೆಯಲ್ಲ. ತನಿಖೆ ಎಂದರೆ ಆರೋಪಿ ಬಾಯಿ ಬಿಡದಿದ್ದರೂ ನಿಲ್ಲುವಂಥ ಸಾಕ್ಷಿ ಕಲೆಹಾಕುವುದು.

ಇದನ್ನು ಕಾನೂನು ಪಾಠವಾಗಿ ಹೇಳುತ್ತಿಲ್ಲ. ಪತ್ತೇದಾರಿ ಕತೆಯ ರುಚಿಯೇ ಇದರ ಮೇಲೆ ನಿಂತಿದೆ. ಒಪ್ಪಿಗೆ ಬೇಕಿಲ್ಲದಷ್ಟು ಬಿಗಿಯಾಗಿ ಸುಳಿವುಗಳನ್ನು ಹೆಣೆದರೆ ಅದು ಕತೆ. ಏಟಿನಿಂದ ಗಂಟು ಬಿಚ್ಚಿದರೆ ಅದುವರೆಗೆ ತೋರಿಸಿದ ಲೋಟ, ಕಿಟಕಿ, ಸುಳ್ಳು ಎಲ್ಲ ವ್ಯರ್ಥ. ಕಾನೂನು ಮತ್ತು ಕಲೆ ಎರಡೂ ಇಲ್ಲಿ ಒಂದೇ ಮಾತು ಹೇಳುತ್ತವೆ, ಇದು ನನಗೆ ಬಹಳ ದೊಡ್ಡ ವಿಷಯವಾಗಿ ಕಾಣುತ್ತದೆ.

ವಿಚಾರಣೆಗೆ ಕಾಯದ ಮನಸ್ಸು ಪರದೆಯ ಆಚೆಯೂ ಇದೆ. 2019ರ ಡಿಸೆಂಬರ್ 6ರಂದು ಹೈದರಾಬಾದಿನ ಆಚೆ ಅತ್ಯಾಚಾರ ಮತ್ತು ಕೊಲೆ ಪ್ರಕರಣದ ನಾಲ್ವರು ಆರೋಪಿಗಳು ಪೊಲೀಸರ ಗುಂಡಿಗೆ ಸತ್ತಾಗ ಜನ ಪೊಲೀಸರ ಮೇಲೆ ಹೂವು ಸುರಿದರು. ಸುಪ್ರೀಂ ಕೋರ್ಟು ನೇಮಿಸಿದ ಸಿರ್ಪುರ್ಕರ್ ಆಯೋಗ 2022ರಲ್ಲಿ, ಪೊಲೀಸರ ವಿವರಣೆ ನಂಬುವಂತಿಲ್ಲ, ಸಾಯಲಿ ಎಂದೇ ಗುಂಡು ಹಾರಿಸಿದ್ದು ಎಂದಿತು. ಧಾರಾವಾಹಿ ನೋಡಿ ಜನ ಹೀಗಾದರು ಎಂದರೆ ಅನ್ಯಾಯದ ಮಾತಾದೀತು. ನ್ಯಾಯಾಲಯಗಳ ವಿಳಂಬ ಜನರನ್ನು ದಣಿಸಿದೆ. ಆದರೆ ವಿಚಾರಣೆಯೇ ಇಲ್ಲದ ನ್ಯಾಯವನ್ನು ಎರಡು ದಶಕ ಮನೆಮನೆಯಲ್ಲಿ ಊಟದ ಜೊತೆ ಬಡಿಸಿದವರು, ಕಾಯುವುದರ ಬೆಲೆಯನ್ನೂ ಒಂದಿಷ್ಟು ತೋರಿಸಬಹುದಿತ್ತು. ಮೊದಲ ವರ್ಷಗಳಲ್ಲಿ ತೋರಿಸಿದ್ದರು ಎಂಬುದೇ ನನ್ನ ಸಂಕಟ.

‘ಸಿಐಡಿ’ ಕೆಡಲು, ವಾರಕ್ಕೆ ಒಂದು ದಿನ ಬರುತ್ತಿದ್ದದ್ದು ಎರಡಾಗಿ, ಮೂರು ದಿನವಾದದ್ದೇ ಕಾರಣ ಎನ್ನುವವರಿದ್ದಾರೆ. ವಾರಕ್ಕೆ ಮೂರೆಂದರೆ ವರ್ಷಕ್ಕೆ 150ಕ್ಕೂ ಮಿಕ್ಕಿ. ಅಷ್ಟು ಕೊಲೆ, ಅಷ್ಟು ಕೊಲೆಗಾರರು, ಅಷ್ಟು ಕಾರಣಗಳನ್ನು ಯಾವ ಬರಹಗಾರರ ತಂಡವಾದರೂ ಎಲ್ಲಿಂದ ತರಬೇಕು? ಈ ವಾದದಲ್ಲಿ ಹುರುಳಿದೆ, ಆದರೆ ಪೂರ್ತಿ ಸತ್ಯವಿಲ್ಲ. ಅದಕ್ಕೆ ಬ್ರಿಟನ್ನಿನ ‘ದಿ ಬಿಲ್’ ಧಾರಾವಾಹಿಯನ್ನು ನೋಡಬೇಕು. ಜೆಫ್ ಮೆಕ್ವೀನ್ ಬರೆದ 1983ರ ಒಂಟಿ ನಾಟಕದಿಂದ ಹುಟ್ಟಿ, 1984ರಿಂದ 2010ರವರೆಗೆ ಐಟಿವಿಯಲ್ಲಿ ನಡೆದ ಕತೆ ಅದು. ಪೂರ್ವ ಲಂಡನ್ನಿನ ಸನ್ ಹಿಲ್ ಎಂಬ ಕಾಲ್ಪನಿಕ ಠಾಣೆ ಅದರ ಕೇಂದ್ರ. ಆ ಧಾರಾವಾಹಿಗೆ ಒಂದು ಕಟ್ಟಳೆ ಇತ್ತು: ಪೊಲೀಸರಿಲ್ಲದ ಕಡೆ ಕ್ಯಾಮೆರಾ ಹೋಗಕೂಡದು, ಪೊಲೀಸರ ಮನೆಯೊಳಗೂ ಹೋಗಕೂಡದು. ಠಾಣೆಗೆ ಎಷ್ಟು ಗೊತ್ತೋ ನೋಡುಗನಿಗೂ ಅಷ್ಟೇ ಗೊತ್ತು. 1988ರಿಂದ ವಾರಕ್ಕೆ ಎರಡು, 1993ರಿಂದ ಮೂರು ಕಂತು ಬಂದರೂ ಅದು ಸೊರಗಲಿಲ್ಲ. ಯಾಕೆಂದರೆ ಅವರು ದಿನಾ ಕೊಲೆ ಹುಡುಕಲಿಲ್ಲ. ಕುಡಿದವನ ಜಗಳ, ಕಳೆದುಹೋದ ಮಗು, ಅಕ್ಕಪಕ್ಕದವರ ಬೇಲಿ ತಕರಾರು, ಹೊಸ ಪೇದೆಯ ಮೊದಲ ಹೆಣ, ಇವೂ ಠಾಣೆಯ ಕೆಲಸವೇ ಎಂದು ತಿಳಿದಿದ್ದರು. ಠಾಣೆಯ ಮೆಟ್ಟಿಲು ಹತ್ತಿದ ಯಾರಿಗಾದರೂ ಗೊತ್ತು, ಅಲ್ಲಿ ಕತೆಗೆ ಬರವಿಲ್ಲ. ‘ಸಿಐಡಿ’ ಕೊಲೆಯೊಂದನ್ನೇ ನೆಚ್ಚಿತು. ಅದೊಂದೇ ಬಾವಿಯಿಂದ ದಿನವೂ ಸೇದಿದರೆ ಕೆಸರು ಬರದೆ ಇನ್ನೇನು? ಬೆಂಗಳೂರಿನ ಅರಮನೆ ರಸ್ತೆಯ ಕಾರ್ಲ್‌ಟನ್ ಹೌಸ್‌ನಲ್ಲಿರುವ ನಮ್ಮ ರಾಜ್ಯದ ನಿಜವಾದ ಸಿಐಡಿ ನೋಡಿಕೊಳ್ಳುವ ಕೆಲಸದಲ್ಲಿ ಹಣ ವಂಚನೆ, ಸೈಬರ್ ಅಪರಾಧ, ಮನುಷ್ಯರ ಸಾಗಣೆ ಎಲ್ಲ ಇವೆ.

‘ದಿ ಬಿಲ್’ ಕೂಡ ಕೊನೆಗೆ ಕೆಟ್ಟಿತು, ಕೆಟ್ಟದ್ದು ಕಟ್ಟಳೆ ಮುರಿದ ಮೇಲೆ. 2002ರಲ್ಲಿ ಪಾಲ್ ಮಾರ್ಕ್ವೆಸ್ ಎಂಬ ಹೊಸ ನಿರ್ಮಾಪಕ ಬಂದು, ಠಾಣೆಗೆ ಬೆಂಕಿ ಬೀಳುವ ಕತೆಯಲ್ಲಿ ಒಂದೇ ಏಟಿಗೆ ಹಲವು ಪೊಲೀಸರನ್ನು ಸಾಯಿಸಿದರು. ಆಮೇಲೆ ಪ್ರೇಮ, ಮದುವೆ, ದ್ವೇಷ, ರಹಸ್ಯ. ನೋಡುವವರು ಮೊದಮೊದಲು ಹೆಚ್ಚಿದ್ದೂ ನಿಜ. ಆದರೆ ಅಂಥ ಮನೆಕತೆಗಳು ಬೇರೆ ಧಾರಾವಾಹಿಗಳಲ್ಲಿ ಬೇಕಾದಷ್ಟು ಸಿಗುತ್ತಿದ್ದವು. ಸನ್ ಹಿಲ್ಲಿನಲ್ಲಿ ಮಾತ್ರ ಸಿಗುತ್ತಿದ್ದದ್ದು ಅಲ್ಲೂ ಸಿಗದಂತಾಯಿತು. ತಿದ್ದಿಕೊಳ್ಳುವ ಪ್ರಯತ್ನಗಳು ನಡೆದವು. 2009ರಲ್ಲಿ ವಾರಕ್ಕೊಂದೇ ಕಂತು, ರಾತ್ರಿ ಒಂಬತ್ತರ ಹೊತ್ತು, ಹಳೆಯ ಶೀರ್ಷಿಕೆ ಸಂಗೀತವನ್ನೂ ಕೈಬಿಟ್ಟರು. ಮರುವರ್ಷ ಆಗಸ್ಟ್ 31ಕ್ಕೆ ಕೊನೆಯ ಕಂತು.

ನಮ್ಮ ‘ಸಿಐಡಿ’ ಎರಡನೇ ಸಲ ಬಂದಾಗ ನಾನು ಆಸೆಯಿಂದ ಕೂತಿದ್ದೆ. ಕತೆ ಶುರುವಾದದ್ದೇ ಅಭಿಜಿತ್ ಮತ್ತು ದಯಾ ಪರಸ್ಪರ ವೈರಿಗಳಾಗುವ ಮೂಲಕ. ಕೇಸು ಹಿಂದಕ್ಕೆ ಸರಿದು, ಅಧಿಕಾರಿಗಳ ಸಂಬಂಧವೇ ಸರಕಾಯಿತು. 2025ರ ಏಪ್ರಿಲ್‌ನಲ್ಲಿ ಬಾಂಬ್ ಸ್ಫೋಟದಲ್ಲಿ ಎಸಿಪಿ ಪ್ರದ್ಯುಮನ್‌ರನ್ನು ಸಾಯಿಸಿದರು. ವಾಹಿನಿ ಶ್ರದ್ಧಾಂಜಲಿಯ ಚಿತ್ರ ಹಾಕಿತು. ಆ ಕುರ್ಚಿಗೆ ನಟ ಪಾರ್ಥ್ ಸಮಥಾನ್ ಬಂದರು. ಅಭಿಮಾನಿಗಳು ರೇಗಿದರು, ಸ್ವಲ್ಪ ಕಾಲದಲ್ಲಿ ಪ್ರದ್ಯುಮನ್ ಬದುಕಿ ಬಂದರು. ಸನ್ ಹಿಲ್ಲಿನ ಬೆಂಕಿಯೇ ಇದು, 23 ವರ್ಷ ತಡವಾಗಿ ಮುಂಬೈಯಲ್ಲಿ ಹೊತ್ತಿಕೊಂಡದ್ದು. ಸುಳಿವಿನಿಂದ ಜನರನ್ನು ಹಿಡಿದಿಡಲು ಆಗದಿದ್ದಾಗ ಪೊಲೀಸ್ ಧಾರಾವಾಹಿಗಳು ತಮ್ಮ ಪೊಲೀಸರನ್ನೇ ಕೊಲ್ಲಲು ತೊಡಗುತ್ತವೆ. ಸತ್ತವರು ತಿರುಗಿ ಬಂದರಂತೂ ಇನ್ನು ಆ ಕತೆಯಲ್ಲಿ ಯಾವ ಸಾವಿಗೂ ಅರ್ಥವಿಲ್ಲ. ಸಾವಿಗೆ ಅರ್ಥವಿಲ್ಲದ ಕಡೆ ಕೊಲೆಯ ತನಿಖೆಗೆ ಎಲ್ಲಿಯ ಅರ್ಥ?

“ಇಷ್ಟೆಲ್ಲ ಯಾಕೆ ತಲೆಗೆ ಹಚ್ಚಿಕೊಳ್ಳುತ್ತೀಯ, ಅದೊಂದು ಮನರಂಜನೆ” ಎಂದು ಗೆಳೆಯರು ಹೇಳುತ್ತಾರೆ. ಮನರಂಜನೆ ಎಂಬುದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಯಕ್ಷಗಾನವೂ ಮನರಂಜನೆಯೇ. ರಾತ್ರಿಯಿಡೀ ಕೂತು ಅರ್ಥಧಾರಿಯ ಒಂದು ಮಾತು ಎಲ್ಲಿ ತಪ್ಪಿತು ಎಂದು ಬೆಳಗ್ಗೆ ದಾರಿಯುದ್ದ ಜಗಳವಾಡುತ್ತ ಮನೆಗೆ ಹೋಗುವ ಪ್ರೇಕ್ಷಕರು ನಮ್ಮ ಕಡೆ ಇದ್ದರು. ಅದರಷ್ಟೇ ಗಂಭೀರವಾಗಿ ನಮ್ಮಜ್ಜಿ ‘ಸಿಐಡಿ’ ನೋಡಿದರು. ಪ್ರೇಕ್ಷಕರು ದಡ್ಡರು, ಅವರಿಗೆ ಬಾಗಿಲು ಒಡೆದರೆ ಸಾಕು ಎಂದುಕೊಂಡದ್ದು ಮಾಡುವವರ ತಪ್ಪು. ನಮ್ಮ ಪಾಲಿನ ತಪ್ಪೂ ಇದೆ. ನಾವು ಅದನ್ನು ನಗೆಚಾಟಿಕೆಗೆ ತಿರುಗಿಸಿದೆವು, ಎಸಿಪಿಯ ಬೆರಳನ್ನೂ ದಯಾನ ಹೆಗಲನ್ನೂ ಮೊಬೈಲಿನಿಂದ ಮೊಬೈಲಿಗೆ ಹಂಚಿದೆವು. ಮಾಡುವವರು ಅದನ್ನೇ ಪ್ರೀತಿಯೆಂದು ತಿಳಿದು ಇನ್ನಷ್ಟು ಕೊಟ್ಟರು. ಕಳೆದ ಬೇಸಿಗೆ ರಜೆಯಲ್ಲಿ ತಂಗಿಯ ಮಗನ ಜೊತೆ ಒಂದು ಕಂತು ನೋಡಿದೆ. ಬಾಗಿಲು ಬಂದಾಗ ಅವನು ಎದ್ದು ನಿಂತು ಸಂಭಾಷಣೆಯನ್ನು ತಾನೇ ಹೇಳಿದ. ಬಾಗಿಲು ಬಿದ್ದ ಕೂಡಲೇ ಫೋನ್ ಹಿಡಿದು ಆಚೆ ಹೋದ. ಕಂತು ಇನ್ನೂ ಹತ್ತು ನಿಮಿಷ ಬಾಕಿಯಿತ್ತು. ಕೊಂದವರು ಯಾರೆಂದು ಅವನಿಗೆ ಬೇಕಿರಲಿಲ್ಲ.

ಆದರೂ ನನಗೆ ಒಂದು ಕಂತಿನ ಆಸೆ ಉಳಿದಿದೆ. 111 ನಿಮಿಷವನ್ನು ಒಂದೇ ಉಸಿರಿಗೆ ಹಿಡಿದವರಿಗೆ ಅದು ಕಷ್ಟವಲ್ಲ. ಒಂದು ಮನೆ, ಮುಚ್ಚಿದ ಒಂದು ಬಾಗಿಲು. ಒಳಗಿದ್ದವನು ಸತ್ತು ಎರಡು ದಿನವಾಗಿದೆ, ಅವಸರ ಯಾರಿಗೂ ಇಲ್ಲ. ಹಿಂದಿನಿಂದ ಯಾರೋ ಒಡೆಯಿರಿ ಎನ್ನುತ್ತಾರೆ. ಐವತ್ತು ದಾಟಿದ ದಯಾ ಆ ಬಾಗಿಲ ಮುಂದೆ ಮಂಡಿಯೂರಿ ಕೂರುತ್ತಾನೆ. ಟಾರ್ಚನ್ನು ಅಡ್ಡ ಹಿಡಿದು ತಿರುಪುಗಳ ಅಂಚು ನೋಡುತ್ತಾನೆ, ಬಾಗಿಲ ಕೆಳಗಿನ ಧೂಳು ನೋಡುತ್ತಾನೆ. ಕ್ಯಾಮೆರಾ ಅವನ ಕಣ್ಣ ಮಟ್ಟಕ್ಕೆ ಇಳಿದು ಅಲ್ಲೇ ನಿಲ್ಲುತ್ತದೆ. ಹಿನ್ನೆಲೆ ಸಂಗೀತ ಇಲ್ಲ. ಬಹಳ ಹೊತ್ತಿನ ಮೇಲೆ ಅವನು ಎದ್ದು, ಬೀಗ ರಿಪೇರಿಯವನನ್ನು ಕರೆಸಿ, ಎನ್ನುತ್ತಾನೆ.